ಗೌಡ ಸತ್ತ ಮೇಲೆ ಏನಾಯಿತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿ ನಾಟಕ ತಂಡಗಳಿಗೆ ಒಂದು ಬಹಿರಂಗ ಪತ್ರ

ಕಲಾಬಂಧುಗಳೇ,

ಮೆಕ್ಕೆಜೋಳ ಕಣ ಬಿಟ್ಟು ಮನೆ ಸೇರಿದ ಮೇಲೆ ನಮ್ಮ ಕಡೆ ಊರೂರಲ್ಲಿ ಏಳುವ ಪ್ರಶ್ನೆ ಒಂದೇ: ಈ ಸಾರಿ ಜಾತ್ರೆಗೆ ಯಾವ ನಾಟಕ? ಆ ಮಾತು ನಿಮ್ಮ ಕಟ್ಟೆಗಳ ಮೇಲೆ ಓಡಾಡುತ್ತಿರುವಾಗಲೇ ಈ ಪತ್ರ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ಪಟ್ಟಿ ಎತ್ತಿ, ಪೆಟಗಿ ಮಾಸ್ತರರಿಗೆ ವೀಳ್ಯ ಕೊಟ್ಟು, ಮರಿಯಮ್ಮನಹಳ್ಳಿಗೋ ಗದಗಿಗೋ ಹೋಗಿ ಪಾತ್ರಧಾರಿಣಿಯರನ್ನು ಗೊತ್ತು ಮಾಡಿಕೊಂಡು ಬಂದ ಮೇಲೆ ಯಾರು ಬಡಕೊಂಡರೂ ನಾಟಕ ಬದಲಾಗುವುದಿಲ್ಲ. ಅದಕ್ಕೇ ಈ ಅವಸರ.

ನಾನು ನಿಮಗೆ ಹೊರಗಿನವನಲ್ಲ. ಸೈಡ್ ವಿಂಗಿನಲ್ಲಿ ಬ್ಯಾಟರಿ ಹಿಡಿದು ನಿಂತು ಮಾತು ಎತ್ತಿಕೊಡುತ್ತಿದ್ದವನು. ಅಲ್ಲಿ ನಿಂತವನಿಗೆ ನಾಟಕದ ಎಲ್ಲರ ಮಾತೂ ಬಾಯಿಪಾಠ ಬರುತ್ತದೆ, ಯಾವ ಪಾತ್ರವೂ ಸಿಕ್ಕುವುದಿಲ್ಲ. ಹಾಗಾಗಿ ವರ್ಷ ವರ್ಷ ಹೆಸರು ಬದಲಾದರೂ ನಾಟಕ ಅದೇ ಇರುತ್ತದೆ ಅನ್ನುವುದು ನನಗೆ ಬೇಗ ಗೊತ್ತಾಯಿತು. ಒಬ್ಬ ಗೌಡ. ರೇಷ್ಮೆ ಜುಬ್ಬ, ಕೊರಳಲ್ಲಿ ಹಗ್ಗದಂಥ ಸರ, ಕೈಯಲ್ಲಿ ಬಣ್ಣದ ನೀರಿನ ಗ್ಲಾಸು, ಎಡಬಲಕ್ಕೆ ಇಬ್ಬರು ಚೇಲಾಗಳು. ಪಟ್ಟಣದಲ್ಲಿ ಓದಿ ಬಂದ ಬಡವರ ಹುಡುಗ. ಅವನಿಗೊಬ್ಬ ತಂಗಿ, ಅವಳಿಗೆ ಏನಾಗಬೇಕೆಂದು ಪರದೆ ಏಳುವ ಮುಂಚೆಯೇ ಇಡೀ ಊರಿಗೆ ಗೊತ್ತು. ನಡುವೆ ಎರಡು ರೆಕಾರ್ಡ್ ಡ್ಯಾನ್ಸು, ಮೈಕಿನಲ್ಲಿ ಕಾಣಿಕೆ ಕೂಗುವವರು, ಹಾಸ್ಯಗಾರನ ಲುಂಗಿ. ಕೋಳಿ ಕೂಗುವ ಹೊತ್ತಿಗೆ ಹೀರೋ ಕೊಡಲಿ ಎತ್ತುತ್ತಾನೆ, ಗೌಡ ಬೀಳುತ್ತಾನೆ, ಪೊಲೀಸರು ಬರುತ್ತಾರೆ, ಮಂಗಳ. ಜನ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಾರೆ. ಅದೇ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗಿಸುವವರು ಅಂತ ಯಾರ ಫೋಟೊ ಹಾಕಿರುತ್ತೀರಿ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಗೌಡ ಸತ್ತ. ಮರುದಿನ ಬೆಳಿಗ್ಗೆ ಅವನ ನೂರು ಎಕರೆ ಯಾರು ಉತ್ತರು? ಬೀಗದ ಕೈ ಯಾರ ಸೊಂಟಕ್ಕೆ ಹೋಯಿತು? ಹೀರೋ ಆ ರೇಷ್ಮೆ ಜುಬ್ಬವನ್ನು ಸುಟ್ಟನೋ, ಇಸ್ತ್ರಿ ಮಾಡಿಸಿ ಗೂಟಕ್ಕೆ ಹಾಕಿದನೋ? ನಮ್ಮ ನಾಟಕಗಳು ಇದಕ್ಕೆ ಉತ್ತರ ಕೊಡುವುದಿಲ್ಲ. ಕೊಟ್ಟರೂ ಒಂದೇ ಉತ್ತರ: ಗೌಡನಿಗೊಬ್ಬ ಒಳ್ಳೆಯ ತಮ್ಮ ಇರುತ್ತಾನೆ, ಇನ್ನು ಮೇಲೆ ಊರು ಅವನದು.

ನಮ್ಮ ನಾಟಕ ಮುಗಿಯುವ ಜಾಗದಲ್ಲಿ ಶುರುವಾಗುವ ಕಥೆಯೊಂದಿದೆ. ಇಂಗ್ಲಿಷಿನ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’. 1945ರ ಆಗಸ್ಟ್ 17ರಂದು ಲಂಡನ್ನಿನಲ್ಲಿ ಪ್ರಕಟವಾದದ್ದು. ಸಣ್ಣ ಪುಸ್ತಕ, ಒಂದು ರಾತ್ರಿಗೆ ಓದಿ ಮುಗಿಸಬಹುದು. ಈ ಸಾರಿ ಅದನ್ನು ಆಡಿ ಎಂದು ಕೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಕಥೆ ಹೀಗಿದೆ. ಜೋನ್ಸ್ ಅನ್ನುವವನದೊಂದು ಮ್ಯಾನರ್ ಫಾರ್ಮ್. ಕುಡುಕ, ದನಕರಕ್ಕೆ ಮೇವು ಹಾಕುವುದನ್ನೇ ಮರೆಯುವವನು. ಸಾಯುವ ಮುಂಚೆ ಒಂದು ಮುದಿ ಹಂದಿ ಎಲ್ಲ ಪ್ರಾಣಿಗಳನ್ನು ಕರೆದು ತನಗೆ ಬಿದ್ದ ಕನಸು ಹೇಳುತ್ತದೆ: ಮನುಷ್ಯನ ಹಂಗಿಲ್ಲದ, ದುಡಿದದ್ದು ದುಡಿದವರಿಗೇ ಸೇರುವ ಲೋಕ. ಒಂದು ದಿನ ಹಸಿವು ತಾಳದೆ ಪ್ರಾಣಿಗಳು ತಿರುಗಿಬಿದ್ದು ಜೋನ್ಸನನ್ನು ಓಡಿಸಿಬಿಡುತ್ತವೆ. ಇಷ್ಟು ಆಗುವುದು ಎರಡನೆಯ ಅಧ್ಯಾಯಕ್ಕೇ. ನಮ್ಮಲ್ಲಾದರೆ ಇಲ್ಲಿಗೆ ಮಂಗಳ. ಆರ್ವೆಲ್ಲನದು ಇನ್ನೂ ಎಂಟು ಅಧ್ಯಾಯ ಬಾಕಿ ಇದೆ.

ಫಲಕದ ಮೇಲಿನ ಹೆಸರು ಅಳಿಸಿ ಅನಿಮಲ್ ಫಾರ್ಮ್ ಅಂತ ಬರೆಯುತ್ತಾರೆ. ಕೊಟ್ಟಿಗೆಯ ಗೋಡೆಗೆ ಏಳು ಕಟ್ಟಳೆ ಬರೆಯುತ್ತಾರೆ. ಓದು ಬಲ್ಲವು ಹಂದಿಗಳು, ಆದ್ದರಿಂದ ಮುಂದಾಳುತನ ಅವುಗಳದು. ಸ್ನೋಬಾಲ್, ನೆಪೋಲಿಯನ್ ಎಂಬೆರಡು ಹಂದಿಗಳ ಜಗಳದಲ್ಲಿ ನೆಪೋಲಿಯನ್ ಗುಟ್ಟಾಗಿ ಸಾಕಿದ ಒಂಬತ್ತು ನಾಯಿಗಳನ್ನು ಛೂ ಬಿಟ್ಟು ಇನ್ನೊಂದನ್ನು ಓಡಿಸುತ್ತದೆ. ಅಲ್ಲಿಂದ ಮುಂದೆ ಗೋಡೆಯ ಮೇಲಿನ ಬರಹಕ್ಕೆ ಬಾಲ ಬೆಳೆಯುತ್ತಾ ಹೋಗುತ್ತದೆ. ಮಂಚದ ಮೇಲೆ ಮಲಗಬಾರದು ಅಂತಿದ್ದದ್ದು ಹಾಸು ಹಾಕಿದ ಮಂಚ ಅಂತಾಗುತ್ತದೆ. ಕುಡಿಯಬಾರದು ಅನ್ನುವುದರ ಜತೆಗೆ ಅತಿಯಾಗಿ ಅನ್ನುವುದು ಸೇರಿಕೊಳ್ಳುತ್ತದೆ. ಕಡೆಗೆ ಏಳೂ ಹೋಗಿ ಒಂದೇ ಒಂದು ಉಳಿಯುತ್ತದೆ, ಸಮಾನರಲ್ಲೂ ಮೇಲು ಕೀಳು ಇದೆ ಅನ್ನುವ ಅರ್ಥದ್ದು. ಫಲಕದ ಮೇಲೆ ಹಳೆಯ ಹೆಸರೇ ವಾಪಸು ಬರುತ್ತದೆ.

ಹರಪನಹಳ್ಳಿಯವರು ಇಲ್ಲಿ ನಕ್ಕರೆ ತಪ್ಪಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ಕಂಡವರು. ಫಲಕ ಬರೆಯುವ ಪೇಂಟರಿಗೆ ಕೆಲಸ ಸಿಕ್ಕಿತು ಅಂತ ಕಟ್ಟೆಯ ಮೇಲೆ ನಗುತ್ತಾರೆ. ಆದರೆ ಎರಡನೆಯ ಸಾರಿ ಬದಲಾದಾಗ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಂತು ಅನ್ನುವುದೂ ಅಷ್ಟೇ ನಿಜ. ಎಲ್ಲ ಫಲಕವೂ ಬರೀ ಫಲಕವಲ್ಲ.

ಈ ಕಥೆಯ ಕೀಲು ಎಲ್ಲಿದೆ? ನಾಯಿಗಳು ಬಂದಲ್ಲಿ ಅಂತ ಓದುವವರೆಲ್ಲ ಅಂದುಕೊಳ್ಳುತ್ತಾರೆ. ಆರ್ವೆಲ್ಲನೇ 1946ರಲ್ಲಿ ಅಮೆರಿಕದ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ ಹೇಳಿದ್ದು ಬೇರೆ: ಹಾಲು ಮತ್ತು ಸೇಬು. ಜೋನ್ಸನನ್ನು ಓಡಿಸಿದ ಮರುದಿನವೇ ಹಸುಗಳ ಹಾಲು ಕರೆದು ಐದು ಬಕೆಟ್ಟು ತುಂಬುತ್ತವೆ. ಅದನ್ನು ಏನು ಮಾಡೋಣ ಅಂತ ಯಾರೋ ಕೇಳುತ್ತಾರೆ. ಆಮೇಲೆ ನೋಡೋಣ, ಮೊದಲು ಹುಲ್ಲು ಕೊಯ್ಯೋಣ ನಡೀರಿ ಅಂತ ನೆಪೋಲಿಯನ್ ಎಲ್ಲರನ್ನೂ ಹೊಲಕ್ಕೆ ಅಟ್ಟುತ್ತದೆ. ಸಂಜೆ ಬಂದು ನೋಡಿದರೆ ಬಕೆಟ್ಟಿನಲ್ಲಿ ಹಾಲಿಲ್ಲ. ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಆಮೇಲೆ ಸೇಬೂ ಹೋಗುತ್ತದೆ. ತಲೆ ಕೆಲಸ ಮಾಡುವವರಿಗೆ ಪುಷ್ಟಿ ಬೇಕು, ಇಲ್ಲದಿದ್ದರೆ ಜೋನ್ಸ್ ವಾಪಸು ಬರುತ್ತಾನೆ ಅಂತ ಸಮಜಾಯಿಷಿ ಕೊಡುತ್ತಾರೆ. ಅಲ್ಲೇ ಎಲ್ಲರೂ ಕಾಲೂರಿ ನಿಂತು ಕೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ ಅನ್ನುವುದು ಬರೆದವನ ಅಭಿಪ್ರಾಯ.

ಹಾಲಿನ ದೃಶ್ಯಕ್ಕೆ ನೀವು ಬೇರೆ ತಾಲೀಮು ಮಾಡಬೇಕಿಲ್ಲ. ರಾತ್ರಿ ತಾಲೀಮಿನಲ್ಲಿ ಹನ್ನೊಂದಕ್ಕೆ ಹೋಟೆಲಿನಿಂದ ಚಹಾ ಬರುತ್ತದಲ್ಲ, ಆ ಫ್ಲಾಸ್ಕು ಯಾವ ದಾರಿ ಹಿಡಿದು ಹೋಗುತ್ತದೆ ನೋಡಿ. ಮೊದಲು ಕುರ್ಚಿಯಲ್ಲಿ ಕೂತ ಗೌಡನ ಪಾತ್ರದವನಿಗೆ, ಆಮೇಲೆ ಹೀರೋಗೆ, ಯಾಕೆಂದರೆ ಅವರಿಬ್ಬರೂ ಹೆಚ್ಚು ಪಟ್ಟಿ ಕೊಟ್ಟವರು. ಪೆಟಗಿ ಮಾಸ್ತರರಿಗೆ ಬಿಸ್ಕತ್ತಿನ ಸಮೇತ. ಚೇಲಾಗಳು ಗೋಡೆಗೆ ಒರಗಿ ಕೂತಿರುತ್ತಾರೆ, ಅವರಿಗೆ ಅರ್ಧ ಲೋಟ. ಪರದೆ ಎಳೆಯುವ ಹುಡುಗನ ಹತ್ತಿರ ಬರುವ ಹೊತ್ತಿಗೆ ಫ್ಲಾಸ್ಕನ್ನು ಬಗ್ಗಿಸಿ ತಟ್ಟಬೇಕು. ಆಮೇಲೆ ಎಲ್ಲರೂ ಎದ್ದು ಬಡವರ ರಕ್ತ ಹೀರುವ ಗೌಡನ ಸೀನು ಶುರು ಮಾಡುತ್ತಾರೆ. ಪಟ್ಟಿ ಕೊಟ್ಟಷ್ಟು ಪಾತ್ರ ಅನ್ನುವ ಈ ಪದ್ಧತಿಯನ್ನು ಒಂದು ವರ್ಷಕ್ಕಾದರೂ ಬದಿಗಿಡದೆ ಈ ನಾಟಕ ಆಡಲಿಕ್ಕೆ ಬರುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪಾತ್ರ ಹಂಚುವುದರಲ್ಲಿ ಇನ್ನೊಂದು ಗಂಡಾಂತರವಿದೆ. ಹಂದಿಯ ಪಾತ್ರ ಯಾರು ಮಾಡುತ್ತಾರೆ? ಇಂಗ್ಲೆಂಡಿನಲ್ಲಿ ಹಂದಿ ಅಂದರೆ ಕೊಟ್ಟಿಗೆಯ ಜಾಣ ಪ್ರಾಣಿ, ಅಷ್ಟೇ. ನಮ್ಮ ಊರುಗಳಲ್ಲಿ ಹಂದಿಯ ಹೆಸರು ಹೇಳಿ ಕೆಲವು ಕೇರಿಯವರನ್ನು ಹೀಯಾಳಿಸಿದ ಹಳೆಯ ಪಾಪವಿದೆ. ಆ ಕೇರಿಯ ಹುಡುಗರಿಗೆ ಆ ಪಾತ್ರ ಕೊಟ್ಟರೆ ನಾಟಕ ಹಾಳಾಯಿತು. ಬೇರೆ ಪ್ರಾಣಿ ಮಾಡೋಣ ಅಂದರೆ ಸಿಗುವುದಿಲ್ಲ. ಎತ್ತು ಬಸವಣ್ಣ, ಕೋತಿ ಆಂಜನೇಯ, ಇಲಿ ಗಣಪತಿಯ ವಾಹನ. ಹಾಗೆ ನೋಡಿದರೆ ಹಂದಿಗೂ ವರಾಹಾವತಾರದ ಗೌರವ ಇದ್ದೇ ಇದೆ. ಹಂದಿಯೇ ಇರಲಿ. ಆದರೆ ಯಾರು ಯಾವಾಗಲೂ ಹೀರೋ ಅಥವಾ ಗೌಡ ಆಗುತ್ತಾರೋ ಅವರೇ ಮಾಡಲಿ. ಮೊದಲ ಸೀನಿನಲ್ಲಿ ಮುಖದ ತುಂಬ ಮುಖವಾಡ ಇರಲಿ, ಸೀನು ಕಳೆದಂತೆ ಅದು ಹಣೆಗೆ ಏರಲಿ, ಕಡೆಗೆ ಕೂಲಿಂಗ್ ಗ್ಲಾಸಿನ ಹಾಗೆ ನೆತ್ತಿಯ ಮೇಲೆ ಕೂರಲಿ. ಒಂಬತ್ತು ನಾಯಿಗಳ ವಿಷಯದಲ್ಲೂ ಒಂದು ಮಾತು: ಹಡಗಲಿ ಸೀಮೆಯವರಿಗೆ ಹೇಳಬೇಕಿಲ್ಲ, ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ದೋಣಿಯ ಪ್ರಸಾದ ತಿನ್ನುವುದು ಭಕ್ತಿಯ ಕೆಲಸ. ನಾಟಕದ ನಾಯಿಗಳಿಗೆ ಕಂಬಳಿ, ಗಂಟೆ ಯಾವುದೂ ಬೇಡ. ಕರಿ ಪ್ಯಾಂಟು, ಕರಿ ಅಂಗಿ ಸಾಕು.

ಆರ್ವೆಲ್ ಯಾರು ಅಂತ ಕೇಳುವವರಿಗೆ: ಅವನ ನಿಜ ಹೆಸರು ಎರಿಕ್ ಬ್ಲೇರ್, ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿ. ಆ ನೌಕರಿ ಬಿಟ್ಟು ಬಡವರ ಮಧ್ಯೆ ಹೋಗಿ ಬಿದ್ದ, ಸ್ಪೇನಿನ ಅಂತರ್ಯುದ್ಧದಲ್ಲಿ ಸಮಾಜವಾದಿಗಳ ಪರ ಬಂದೂಕು ಹಿಡಿದ, 1937ರಲ್ಲಿ ಗಂಟಲಿಗೆ ಗುಂಡು ತಿಂದು ಬದುಕಿದ. ಈ ಕಥೆ ಹೊಳೆದದ್ದು ಹೇಗೆ ಅಂತಲೂ ಬರೆದಿದ್ದಾನೆ. ಹಳ್ಳಿಯ ಇಕ್ಕಟ್ಟು ದಾರಿಯಲ್ಲಿ ಹತ್ತು ವರ್ಷದ ಪೋರನೊಬ್ಬ ಆನೆಯಂಥ ಬಂಡಿ ಕುದುರೆಯನ್ನು ಚಾಟಿಯಿಂದ ಹೊಡೆದುಕೊಂಡು ಹೋಗುತ್ತಿದ್ದನಂತೆ. ಈ ಕುದುರೆಗೆ ತನ್ನ ಬಲ ತನಗೆ ಗೊತ್ತಾದರೆ ನಮ್ಮ ಗತಿಯೇನು ಅಂತ ಅನ್ನಿಸಿತಂತೆ. ಜೋಡೆತ್ತಿನ ಮೂಗುದಾರ ಹಿಡಿದ ಸಣ್ಣ ಹುಡುಗರನ್ನು ನಾವೆಲ್ಲ ದಿನಾ ನೋಡಿದವರೇ.

ಪೊಲೀಸ್ ಇಲಾಖೆಯ ನೌಕರಿ, ಬದಲಾಯಿಸಿಕೊಂಡ ಹೆಸರು, ದೊಡ್ಡವರ ಸೋಗು ಕಂಡರಾಗದ ಸ್ವಭಾವ. ಇಷ್ಟು ಹೇಳಿದರೆ ಹರಪನಹಳ್ಳಿಯವರಿಗೆ ಬೇರೊಬ್ಬರ ನೆನಪಾಗಬೇಕು. 1913ರಲ್ಲಿ ಅದೇ ಊರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು, ಅಂದರೆ ನಮ್ಮ ಬೀಚಿ. ತಿಂಮನ ಬಾಯಲ್ಲಿ ಏನೆಲ್ಲ ಆಡಿಸಿದರು! ದೊಡ್ಡವರ ಕಾಲೆಳೆದು ಬರೆಯುವುದು ನಮ್ಮ ಮಣ್ಣಿಗೆ ಹೊರಗಿನಿಂದ ತರಬೇಕಾದ ಸರಕಲ್ಲ. ಆಳುವವರು ಬದಲಾಗುವುದೂ ನಮಗೆ ಹೊಸದಲ್ಲ. ಪಾಳೆಯಗಾರರ ಈ ಸೀಮೆ 1800ರಲ್ಲಿ ಕಂಪನಿ ಸರ್ಕಾರಕ್ಕೆ ಹೋಯಿತು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಆ ಕಾಲವನ್ನು ಹಿಡಿದು ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಬರೆದ ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದದವರು ಓದಿ. ನಾಟಕದ ವಿಷಯಕ್ಕೆ ಬರುತ್ತೇನೆ.

ಇದನ್ನು ಸಾಮಾಜಿಕ ನಾಟಕದಂತೆ ಆಡಬೇಡಿ, ದೊಡ್ಡಾಟದ ಚೌಕಟ್ಟಿನಲ್ಲಿ ಆಡಿ. ಕಾರಣ ಇದೆ. ದೊಡ್ಡಾಟದಲ್ಲಿ ಸಾರಥಿ ಇರುತ್ತಾನೆ. ಬಂದ ಪಾತ್ರವನ್ನೆಲ್ಲ ನೀವು ಯಾರು, ಎಲ್ಲಿಂದ ಬಂದಿರಿ ಅಂತ ಮಾತಾಡಿಸುವವನು ಅವನೇ. ರಾಜನ ಗತ್ತಿನ ಮಾತನ್ನು ಜನಕ್ಕೆ ಬಿಡಿಸಿ ಹೇಳುವವನೂ ಅವನೇ. ಜನ ಅವನನ್ನು ನಂಬುತ್ತಾರೆ, ಯಾಕೆಂದರೆ ಅವನು ತಮ್ಮವನು, ನಗಿಸುವವನು. ಆರ್ವೆಲ್ಲನ ಕಥೆಯಲ್ಲಿ ಸ್ಕ್ವೀಲರ್ ಎಂಬ ಗುಂಡು ಕೆನ್ನೆಯ ಹಂದಿಯೊಂದಿದೆ. ಅದರ ಉದ್ಯೋಗ ನೆಪೋಲಿಯನ್ ಮಾಡಿದ್ದನ್ನೆಲ್ಲ ಉಳಿದವರಿಗೆ ಒಪ್ಪಿಸುವುದು. ಕರಿಯನ್ನು ಬಿಳಿ ಅಂತ ಸಾಧಿಸಬಲ್ಲ ನಾಲಿಗೆ. ಸ್ಕ್ವೀಲರನ್ನೇ ಸಾರಥಿ ಮಾಡಿ. ಮೊದಲರ್ಧ ಗಂಟೆ ಅವನು ನಿಜವಾದ ಸಾರಥಿಯಂತೆ ಜನರನ್ನು ನಗಿಸಲಿ, ಅವರ ಪರವಾಗಿ ಪ್ರಶ್ನೆ ಕೇಳಲಿ. ಆಮೇಲೆ ಪ್ರಶ್ನೆ ಕೇಳುವುದನ್ನು ಒಂದೊಂದಾಗಿ ಬಿಟ್ಟು ಉತ್ತರ ಮಾತ್ರ ಕೊಡಲು ಶುರು ಮಾಡಲಿ. ಯಾವ ಸೀನಿನಲ್ಲಿ ಅವನು ಬದಲಾದ ಅಂತ ಜನಕ್ಕೆ ಹೇಳಲಾಗಬಾರದು. ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲು ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಅವನ ಮಾತು ಅಲ್ಲಿಗೆ ಮುಗಿಯಿತು. ಅದು ಮಳೆಗೋ, ಬೆಲೆಗೋ, ಯಾವ ಪಕ್ಷದ ಗೆಲುವಿಗೋ ಅಂತ ಸಂಜೆಯೊಳಗೆ ಅರ್ಥ ಹಚ್ಚುವವರು ಬೇರೆ. ನಮ್ಮ ಸಾರಥಿ ಆ ಜಾತಿಯವನು.

ಗೋಡೆಯ ಬರಹಕ್ಕೆ ಬಾಡಿಗೆ ಸೀನರಿ ಬೇಡ. ಹಿಂದೆ ಕರಿ ಪರದೆ ಬಿಟ್ಟು ಸುಣ್ಣದಲ್ಲಿ ಏಳು ಸಾಲು ಬರೆಯಿರಿ, ಕಟ್ಟಕಡೆಯವರಿಗೂ ಕಾಣುವಷ್ಟು ದಪ್ಪಗೆ. ಸೀನು ಬದಲಾಗುವಾಗ ಹೇಗೂ ದೀಪ ಆರಿಸುತ್ತೀರಿ, ಕೆಲವೊಮ್ಮೆ ಕರೆಂಟಿನವರೇ ಆರಿಸುತ್ತಾರೆ. ಆ ಕತ್ತಲಲ್ಲಿ ಒಂದು ಪದ ಸೇರಿಸಿ ಸುಮ್ಮನಿದ್ದುಬಿಡಿ. ಯಾವ ಪಾತ್ರವೂ ಅದನ್ನು ಎತ್ತಿ ಆಡಬಾರದು. ಮುಂದೆ ಕೂತ ಶಾಲೆಯ ಮಕ್ಕಳು ಕೂಗುತ್ತಾರೆ, ಅದು ಹಿಂಗಿರಲಿಲ್ಲ, ಈಗ ಬದ್ಲಾಗೇತಿ ಅಂತ. ಆಗ ಸಾರಥಿ ತಿರುಗಿ, ಇಲ್ಲವಲ್ಲ ಮೊದಲಿಂದ ಹಿಂಗೇ ಇತ್ತು, ನಿಮಗೆ ನಿದ್ದೆಗಣ್ಣು ಅನ್ನಬೇಕು. ದೊಡ್ಡವರು ಯಾರ ಮಾತು ನಂಬುತ್ತಾರೆ ಅನ್ನುವುದು ಪ್ರತಿ ಊರಲ್ಲೂ ಬೇರೆಯಾದೀತು. ಕುರಿಗಳ ಹಿಂಡಿಗೆ ತಾಲೀಮೇ ಬೇಡ. ಯಾರಾದರೂ ಗಂಭೀರವಾಗಿ ಮಾತಿಗೆ ಬಾಯಿ ತೆಗೆದ ಕೂಡಲೇ ಒಂದೇ ಘೋಷಣೆಯನ್ನು ಕೂಗಿ ಕೂಗಿ ಅಡಗಿಸುವುದು ಅವುಗಳ ಕೆಲಸ. ಚುನಾವಣೆಯ ರೋಡ್ ಶೋ ನೋಡಿದ ಹುಡುಗರಿಗೆ ಅದು ರೂಢಿಯಾಗಿದೆ.

ಗಾಳಿಯಂತ್ರದ ವಿಷಯ ಕೇಳಿದರೆ ನಿಮಗೇ ಆಶ್ಚರ್ಯವಾದೀತು. ಕಥೆಯಲ್ಲಿ ಪ್ರಾಣಿಗಳೆಲ್ಲ ಸೇರಿ ಗುಡ್ಡದ ಮೇಲೊಂದು ಗಾಳಿಯಂತ್ರ ಕಟ್ಟುತ್ತವೆ. ಅದು ತಿರುಗಿದರೆ ಕೊಟ್ಟಿಗೆಗೆ ದೀಪ, ಚಳಿಗಾಲಕ್ಕೆ ಬಿಸಿ, ವಾರಕ್ಕೆ ಮೂರೇ ದಿನ ದುಡಿಮೆ. ಒಮ್ಮೆ ಬಿರುಗಾಳಿಗೆ ಬೀಳುತ್ತದೆ, ಒಮ್ಮೆ ಸಿಡಿಮದ್ದಿಗೆ. ಮತ್ತೆ ಕಟ್ಟುತ್ತವೆ. ಕಡೆಗೆ ಅದು ಮುಗಿದಾಗ ಕೊಟ್ಟಿಗೆಗೆ ದೀಪ ಬರುವುದಿಲ್ಲ. ಕಾಳು ಬೀಸಲು ಬಳಸುತ್ತಾರೆ, ಲಾಭ ಹಂದಿಗಳಿಗೆ. ಹರಪನಹಳ್ಳಿ, ಹಡಗಲಿ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ದೈತ್ಯ ಫ್ಯಾನುಗಳನ್ನು ನೋಡುತ್ತಾ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕೇ? ಅವುಗಳ ಬುಡದ ಹೊಲದವನು ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಯಾವಾಗ ಬಂದೀತು ಅಂತ ರಾತ್ರಿ ಕಾಯುತ್ತಿರುತ್ತಾನೆ. ಬಯಲಲ್ಲಿ ಆಡುವುದಾದರೆ ಗುಡ್ಡ ಕಾಣುವ ದಿಕ್ಕಿಗೆ ರಂಗ ಕಟ್ಟಿ, ಫ್ಯಾನಿನ ತುದಿಯ ಕೆಂಪು ದೀಪವೇ ನಿಮ್ಮ ಸೀನರಿ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು, ಈ ಪುಸ್ತಕ ಬಂದ ವರ್ಷವೇ. ಹಿನ್ನೀರಲ್ಲಿ ಊರು ಕಳೆದುಕೊಂಡು ಹಗರಿಬೊಮ್ಮನಹಳ್ಳಿಯ ಸುತ್ತ ಬಂದು ನೆಲೆ ನಿಂತವರ ಮೊಮ್ಮಕ್ಕಳು ನಿಮ್ಮ ತಂಡಗಳಲ್ಲಿದ್ದಾರೆ. ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಊರು ಕೊಟ್ಟವರಿಗೆ ನೀರು ಎಷ್ಟು ಬಂತು ಅನ್ನುವ ಲೆಕ್ಕ ಅವರ ಮನೆಗಳಲ್ಲಿ ಇನ್ನೂ ಮುಗಿದಿಲ್ಲ ಅಂತಷ್ಟೇ.

ಕೂಡ್ಲಿಗಿಯ ತಂಡಕ್ಕೆ ಬೇರೊಂದು ದೃಶ್ಯ ಎತ್ತಿಟ್ಟಿದ್ದೇನೆ. ಕನಸು ಹೇಳಿ ಸತ್ತ ಮುದಿ ಹಂದಿಯ ತಲೆಬುರುಡೆಯನ್ನು ಹೊರಗೆ ತೆಗೆದು ಬಾವುಟದ ಕಂಬದ ಬುಡದಲ್ಲಿ ಇಡುತ್ತಾರೆ. ಭಾನುವಾರಕ್ಕೊಮ್ಮೆ ಎಲ್ಲರೂ ಅದಕ್ಕೆ ನಮಸ್ಕಾರ ಹಾಕಿ ಸಾಲಾಗಿ ಹೋಗಬೇಕು. ಕನಸು ಏನಾಗಿತ್ತು ಅಂತ ಮಾತ್ರ ಯಾರೂ ಕೇಳುವಂತಿಲ್ಲ, ಆ ಹಂದಿ ಕಲಿಸಿದ ಹಾಡನ್ನೂ ಹಾಡುವಂತಿಲ್ಲ. ನಿಮ್ಮ ಊರಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಜನವರಿ 30ಕ್ಕೆ ಹೂವಿನ ಹಾರ ತಪ್ಪುವುದಿಲ್ಲ. ಆ ಮನುಷ್ಯ ಗ್ರಾಮಸ್ವರಾಜ್ಯ ಅಂತ ಒಂದು ಕನಸು ಹೇಳಿದ್ದ. ಹಾರ ಹಾಕಿದ ಕೈಗಳು ಕಳೆದ ಗ್ರಾಮಸಭೆಯ ನಡಾವಳಿ ಪುಸ್ತಕವನ್ನು ತೆರೆದು ನೋಡಿವೆಯೇ? ಈ ಸೀನನ್ನು ಹಾಸ್ಯಕ್ಕೆ ಎಳೆಯದೆ, ಯಾರನ್ನೂ ನೋಯಿಸದೆ ಆಡಬಲ್ಲವರು ನೀವೇ ಅಂತ ನಂಬಿದ್ದೇನೆ.

ಇನ್ನು ಬಾಕ್ಸರ್. ಆ ಕುದುರೆಯ ಪಾತ್ರಕ್ಕೆ ಊರಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನು ಹುಡುಕಿ. ಓದು ನಾಲ್ಕಕ್ಷರ ದಾಟದು. ಏನೇ ಕಷ್ಟ ಬಂದರೂ ತಾನು ಇನ್ನಷ್ಟು ದುಡಿದರೆ ಎಲ್ಲ ಸರಿಹೋದೀತು ಅಂತ ನಂಬಿದವನು, ದೊಡ್ಡವರು ಹೇಳಿದ್ದು ಸುಳ್ಳಾಗದು ಅಂತಲೂ. ಸುಗ್ಗಿ ಮುಗಿಸಿ ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ದುಡಿಯಲು ತಾಂಡಾಗಳಿಂದ ಲಾರಿ ಹತ್ತುವವರು ನಿಮ್ಮ ಮುಂದೆಯೇ ಕೂತಿರುತ್ತಾರೆ. ಮುದಿ ಕುದುರೆಗಳು ಮೇಯಲಿ ಅಂತ ಬಿಟ್ಟಿದ್ದ ಹುಲ್ಲುಗಾವಲನ್ನು ಹಂದಿಗಳು ಉತ್ತು ಬೀರು ಕಾಸಲು ಬಾರ್ಲಿ ಹಾಕುತ್ತವೆ. ಕಲ್ಲು ಎಳೆಯುತ್ತಾ ಎಳೆಯುತ್ತಾ ಬಾಕ್ಸರ್ ಕುಸಿಯುತ್ತಾನೆ. ಆಸ್ಪತ್ರೆಗೆ ಕಳಿಸುತ್ತೇವೆ ಅಂತ ಬಂಡಿ ತರಿಸುತ್ತಾರೆ. ಆ ಬಂಡಿಯ ಮೇಲೆ ಕುದುರೆ ಕೊಂದು ಚರ್ಮ, ಮೂಳೆ ಮಾರುವವನ ಹೆಸರಿದೆ. ಓದಬಲ್ಲ ಕತ್ತೆ ಬೆಂಜಮಿನ್ ಜೀವಮಾನವಿಡೀ ಓದಿದ್ದನ್ನು ಯಾರಿಗೂ ಹೇಳದವನು. ಅಂದು ಓಡಿ ಬಂದು ಕೂಗುತ್ತಾನೆ, ಹೊತ್ತು ಮೀರಿರುತ್ತದೆ.

ಇಲ್ಲಿ ನಿಜವಾದ ಟಾಟಾ ಏಸ್ ಗಾಡಿಯನ್ನೇ ತನ್ನಿ. ರಂಗದ ಮೇಲೆ ಹತ್ತಿಸಬೇಡಿ, ಜನರ ನಡುವಿನ ದಾರಿಯಿಂದ ಹಿಮ್ಮುಖವಾಗಿ ಬರಲಿ. ಬಾಗಿಲ ಮೇಲಿನ ಬರಹ ಜನರ ಕಡೆಗಿರಲಿ, ಪಾತ್ರಗಳ ಕಡೆಗಲ್ಲ. ಪ್ರಾಣಿಗಳು ಬಾಕ್ಸರನಿಗೆ ಕೈ ಬೀಸುತ್ತಿರುವಾಗ ಊರಿಗೆ ಊರೇ ಆ ಅಕ್ಷರ ಓದಿರುತ್ತದೆ. ಅಷ್ಟರಲ್ಲಿ ಯಾರಾದರೂ ಎದ್ದು, ಹತ್ತಬ್ಯಾಡಲೇ ಅಂತ ಕೂಗಿದರೆ ನಿಮ್ಮ ನಾಟಕ ಗೆದ್ದಿತು. ಮುಂದಿನ ಸೀನಿಗೆ ಮಾತೇ ಬೇಡ: ಹಂದಿಗಳ ಮನೆಗೆ ಒಂದು ಪೆಟ್ಟಿಗೆ ವಿಸ್ಕಿ ಬಂದು ಇಳಿಯುತ್ತದೆ.

ಪಾತ್ರಧಾರಿಣಿಯರಿಗೆ ವರ್ಷಗಟ್ಟಲೆ ಅಳುವುದು, ಕುಣಿಯುವುದು ಎರಡನ್ನೇ ಕೊಟ್ಟಿದ್ದೀರಿ. ಈ ಕಥೆಯಲ್ಲಿ ಕ್ಲೋವರ್ ಎಂಬ ತಾಯಿ ಕುದುರೆ ಇದೆ. ಗೋಡೆಯ ಬರಹ ಬದಲಾಗಿದೆ ಅಂತ ಮೊದಲು ಅನುಮಾನ ಬಂದದ್ದು ಅವಳಿಗೆ. ಸ್ವತಃ ಓದಲು ಬಾರದೆ ಆಡಿನ ಹತ್ತಿರ ಓದಿಸುತ್ತಾಳೆ. ಕಿಟಕಿಯಲ್ಲಿ ಇಣುಕಿ ಹಂದಿಗಳೂ ಮನುಷ್ಯರೂ ಒಂದೇ ಮೇಜಿಗೆ ಕೂತು ಇಸ್ಪೀಟು ಆಡುವುದನ್ನು ನೋಡಿ, ಯಾರು ಯಾರೆಂದು ಗುರುತು ಹತ್ತದೆ ನಿಲ್ಲುವವರ ಮುಂದಾಳೂ ಅವಳೇ. ಕಡೆಯ ಸೀನು ಪೂರ್ತಿ ಅವಳದಾಗಲಿ. ರಂಗದ ಮೇಲೆ ನಲವತ್ತು ವರ್ಷ ಕಳೆದ ಕಲಾವಿದೆಯರು ನಮ್ಮ ಸುತ್ತ ಇದ್ದಾರೆ, ಈ ಪಾತ್ರ ಸಿಕ್ಕರೆ ಬಿಡುವವರಲ್ಲ.

ಒಂದು ಭಯ ನನಗಿದೆ. ನಾಟಕ ನೋಡಿ ಜನ, ನೋಡಿದಿರಾ, ಹಳೇ ಗೌಡನೇ ವಾಸಿಯಿದ್ದ ಅಂತ ಮನೆಗೆ ಹೋಗಬಾರದು. ಪುಸ್ತಕವನ್ನು ಹಾಗೆ ತಿರುಚಿದವರು ಕಡಿಮೆಯಿಲ್ಲ. ರಷ್ಯಾದ ಕ್ರಾಂತಿಯ ಮೇಲಿನ ವಿಡಂಬನೆ ಇದು, ನೆಪೋಲಿಯನ್ ಅಂದರೆ ಸ್ಟಾಲಿನ್. ಯುದ್ಧದಲ್ಲಿ ರಷ್ಯಾ ಮಿತ್ರನಾಗಿದ್ದ ಕಾಲಕ್ಕೆ ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಒಲ್ಲೆ ಅಂದರು. ಕವಿ ಟಿ.ಎಸ್. ಎಲಿಯಟ್ ಕೂಡ ವಾಪಸು ಕಳಿಸಿದ; ಹಂದಿಗಳು ಜಾಣರಾಗಿದ್ದದ್ದು ತಪ್ಪಲ್ಲ, ಲೋಕಹಿತ ಬಯಸುವ ಹಂದಿಗಳಿದ್ದರೆ ಆಗುತ್ತಿತ್ತು ಅನ್ನುವ ಅರ್ಥದ ಮಾತು ಬರೆದ. ಅಂದರೆ ನಮ್ಮ ನಾಟಕಕಾರರ ಒಳ್ಳೆಯ ತಮ್ಮಗೌಡ! ಯುದ್ಧ ಮುಗಿದು ರಷ್ಯಾ ಶತ್ರುವಾದದ್ದೇ ತಡ, ಇದೇ ಪುಸ್ತಕ ಅಮೆರಿಕಕ್ಕೆ ಅಚ್ಚುಮೆಚ್ಚಾಯಿತು. 1954ರ ಕಾರ್ಟೂನ್ ಸಿನಿಮಾಕ್ಕೆ ಅಲ್ಲಿನ ಗೂಢಚಾರ ಸಂಸ್ಥೆ ಸಿಐಎ ದುಡ್ಡು ಹಾಕಿತ್ತು, ಕೊನೆಯನ್ನೇ ಬದಲಾಯಿಸಲಾಗಿತ್ತು. ಅಲ್ಲಿ ಪ್ರಾಣಿಗಳು ಮತ್ತೆ ದಂಗೆ ಎದ್ದು ಹಂದಿಗಳನ್ನು ಮುಗಿಸುತ್ತವೆ. ಜನ ಖುಷಿಯಾಗಿ ಎದ್ದು ಹೋಗುತ್ತಾರೆ. ನೀವು ದಯವಿಟ್ಟು ಆ ಕೆಲಸ ಮಾಡಬೇಡಿ. ಕೊಡಲಿ ಎತ್ತಬೇಡಿ.

ಜೋನ್ಸನನ್ನು ಓಡಿಸಿದ್ದು ತಪ್ಪು ಅಂತ ಆರ್ವೆಲ್ ಎಲ್ಲೂ ಹೇಳಿಲ್ಲ. ಸಾಯುವವರೆಗೂ ಅವನು ಸಮಾಜವಾದಿಯೇ. ಓಡಿಸಿದ ಮೇಲೆ ಹಾಲಿನ ಲೆಕ್ಕ ಕೇಳದೆ ಹೊಲಕ್ಕೆ ಹೋದದ್ದು ತಪ್ಪು ಅನ್ನುತ್ತಾನೆ. ಉಳುವವನೇ ಹೊಲದೊಡೆಯ ಅಂತ 1974ರಲ್ಲಿ ನಮ್ಮ ಗೋಡೆಯ ಮೇಲೆ ಬರೆದದ್ದು ದೊಡ್ಡ ಕೆಲಸ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದ. ಬೇಸಾಯಗಾರರಲ್ಲದವರು ಹೊಲ ಕೊಳ್ಳುವುದನ್ನು ತಡೆದಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಹೋದವು. ಅದು ಸರಿಯೆನ್ನುವವರೂ ಇದ್ದಾರೆ, ತಪ್ಪೆನ್ನುವವರೂ ಇದ್ದಾರೆ. ಬೀದಿಯಲ್ಲಿ ಜಗಳವೂ ಆಯಿತು. ಅಳಿಸುವ ಮುಂಚೆ ಅಲ್ಲಿ ಏನು ಬರೆದಿತ್ತು ಅಂತ ನಿಮ್ಮ ಊರಲ್ಲಿ ಎಷ್ಟು ಜನ ಓದಿದ್ದರು?

ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿದರು. ಮುಂದೆ ಉಪಮುಖ್ಯಮಂತ್ರಿಯಾದ ಮನುಷ್ಯ ಬಣ್ಣ ಹಚ್ಚಿಕೊಂಡ ಸೀಮೆ ಇದು. ಇಂಥ ನಾಟಕ ನಮಗೆ ದೊಡ್ಡದಾಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಮಾತು ಒಂದು ಹೇಳಿ ಮುಗಿಸುತ್ತೇನೆ. ಆರ್ವೆಲ್ ತೀರಿಕೊಂಡದ್ದು 1950ರ ಜನವರಿ 21ರಂದು. ಲೇಖಕ ಸತ್ತು ಅರವತ್ತು ವರ್ಷಕ್ಕೆ ನಮ್ಮ ದೇಶದಲ್ಲಿ ಹಕ್ಕು ಮುಗಿಯುತ್ತದೆ. ಆ ಲೆಕ್ಕಕ್ಕೆ 2011ರಿಂದ ಈ ಪುಸ್ತಕ ಎಲ್ಲರದು. ಮೂಲ ಇಟ್ಟುಕೊಂಡು ನೀವೇ ನಾಟಕ ಮಾಡಿಕೊಂಡರೆ ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಾಸು ಕೊಡಬೇಕಿಲ್ಲ. ಬೇರೆಯವರು ಮಾಡಿದ ಅನುವಾದ ಬಳಸಿದರೆ ಮಾತ್ರ ಅವರನ್ನು ಕೇಳಬೇಕು. ಪಿಯು ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರನ್ನೂ ನಿಮ್ಮ ಹಾಡು ಕಟ್ಟುವವರೊಬ್ಬರನ್ನೂ ಒಂದು ತಿಂಗಳು ಒಟ್ಟಿಗೆ ಕೂರಿಸಿ. ಹ್ಯಾಂಡ್‌ಬಿಲ್ಲಿನಲ್ಲಿ ಉದ್ಘಾಟಕರ ಫೋಟೊ ಹಾಕಬೇಡಿ, ಪಟ್ಟಿ ಎಷ್ಟು ಎತ್ತಿದಿರಿ, ಎಲ್ಲಿ ಖರ್ಚಾಯಿತು ಅನ್ನುವ ಲೆಕ್ಕ ಅಚ್ಚು ಹಾಕಿಸಿ. ತಾಲೀಮಿನ ಚಹಾ ಪರದೆ ಎಳೆಯುವ ಹುಡುಗನಿಂದ ಶುರುವಾಗಲಿ. ಕೊಟ್ಟೂರು, ಮೈಲಾರದ ಜಾತ್ರೆಗಳಿಗೆ ಇನ್ನು ಹೆಚ್ಚು ದಿನ ಉಳಿದಿಲ್ಲ, ಇದೇ ಅಮಾವಾಸ್ಯೆಗೆ ತಾಲೀಮು ಹಿಡಿಯಿರಿ. ಮಾತು ಎತ್ತಿಕೊಡುವವರು ಬೇಕಿದ್ದರೆ ನಾನು ಬರುತ್ತೇನೆ.

ಇಂತಿ,
ಸೈಡ್ ವಿಂಗಿನಿಂದ ನಿಮ್ಮವ